ಮನೆಗಾಡಿಯ ಹಲ್ಲು ನೋಡಿದ ಕರಿಸಿದ್ದಪ್ಪ

ಕುರಿ ಹಿಂದೆ ಹೋಗುವವರಿಗೂ ಊರಲ್ಲೊಂದು ಮನೆ ಇರುತ್ತದೆ. ಆದರೆ ಅರ್ಧ ವರ್ಷ ಅದಕ್ಕೆ ಬೀಗ. ತಂಬ್ರಹಳ್ಳಿಯ ಕರಿಸಿದ್ದಪ್ಪನದೂ ಅದೇ ಕಥೆ. ಸುಗ್ಗಿ ಮುಗಿದರೆ ಸಾಕು, ಅವನೂ ಹೆಂಡತಿ ತಿಪ್ಪೇರುದ್ರಮ್ಮನೂ ಹಿಂಡು ಹೊಡೆದುಕೊಂಡು ಹೊರಟುಬಿಡುತ್ತಾರೆ. ಗೊಬ್ಬರವಾಗುತ್ತದೆಂದು ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಕಾಳು ಕೊಡುತ್ತಾರೆ. ಮಲಗಲು ಸೂರು ಯಾರು ಕೊಡುತ್ತಾರೆ? ಒಂದು ತಾಡಪತ್ರಿಯೇ ಗತಿ. ಹೋದ ವರ್ಷ ಹೊಳಲಿನ ಹತ್ತಿರ ಎದ್ದ ಗಾಳಿಗೆ ಆ ತಾಡಪತ್ರಿಯೂ ಹಾರಿಹೋಗಿ, ಗಂಡ ಹೆಂಡತಿ ಇಬ್ಬರೂ ಕುರಿ ಬಿಟ್ಟು ಅದರ ಹಿಂದೆ ಓಡಬೇಕಾಯಿತು.

ಅವತ್ತೇ ತಿಪ್ಪೇರುದ್ರಮ್ಮ ಹೇಳಿಬಿಟ್ಟಳು: "ಮುಂದಿನ ವರ್ಷ ತಲಿ ಮ್ಯಾಲ ಒಂದು ಸೂರು ಬೇಕು ನೋಡು. ಇಲ್ಲಂದ್ರ ನಿನ್ನ ಕುರಿ ಜೋಡಿ ನೀನಾ ಹೋಗು."

ಕುರಿ ಹಿಂದೆ ಸೂರು ನಡೆದುಕೊಂಡು ಬರುತ್ತದೆಯೇ? ಬರುತ್ತದೆ ಎಂದವನು ಹಡಗಲಿಯ ದಲ್ಲಾಳಿ ಗಂಗಾಧರ್. ಅವನ ಶೆಡ್ಡಿನಲ್ಲಿ ಒಂದು ಹಳೆಯ ಟೆಂಪೊ ನಿಂತಿತ್ತು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ನಲ್ಲಿ, ಕಿಟಕಿಗೆ ಹೂವಿನ ಪರದೆ. ಅದಕ್ಕೆ ಅವನು ಇಟ್ಟ ಹೆಸರು ಮನೆಗಾಡಿ. ಯಾವುದೋ ಸಿನಿಮಾ ಹೀರೋಯಿನ್ ಇದರಲ್ಲೇ ಮಲಗುತ್ತಿದ್ದಳೆಂದು ಗಂಗಾಧರ್ ಹೇಳಿದ. ಯಾವ ಸಿನಿಮಾ ಎಂದರೆ ಮಾತ್ರ ಅವನಿಗೆ ಕೆಮ್ಮು ಬರುತ್ತಿತ್ತು.

ಕರಿಸಿದ್ದಪ್ಪ ನಲ್ಲಿ ತಿರುಗಿಸಿದ, ನೀರು ಬಂತು. ನಿಲ್ಲಿಸಿದ, ನಿಂತಿತು. ಇನ್ನೊಮ್ಮೆ ತಿರುಗಿಸಿದ. ಹೆಗಲ ಕಂಬಳಿಯನ್ನೂ ತೆಗೆಯದೆ ಹಾಸಿಗೆಯ ಮೇಲೆ ಅಡ್ಡಾದ. ಹೆಂಡತಿ ಇಲ್ಲಿ ಮಲಗಿದರೆ ಹೇಗೆ ಕಾಣುತ್ತಾಳೆಂದು ನೆನೆದು ಒಬ್ಬನೇ ನಕ್ಕ. ಗಂಗಾಧರ್ ಹೊತ್ತು ನೋಡಿಯೇ ಹೆಗಲ ಟವೆಲ್ ತೆಗೆದು ಇಬ್ಬರ ಕೈ ಮೇಲೆ ಹೊದಿಸಿದ. ಕುರಿ ಸಂತೆಯಲ್ಲಿ ವ್ಯಾಪಾರ ಹೀಗೆಯೇ. ಬಾಯಿ ಸುಮ್ಮನಿರುತ್ತದೆ, ಟವೆಲಿನಡಿ ಬೆರಳು ಮಾತಾಡುತ್ತದೆ. ಗಂಗಾಧರ್ ಐದು ಬೆರಳನ್ನೂ ಒತ್ತಿದ. ಐದು ಲಕ್ಷ. ಒಂದು ಟಗರಿಗೆ ಅರ್ಧ ದಿನ ಜಗ್ಗಾಡುವ ಕರಿಸಿದ್ದಪ್ಪ, ಹಾಸಿಗೆಯ ಮೆದುತನ ಮೈಗೆ ಹತ್ತಿದ್ದರಿಂದಲೋ ಏನೋ, ಹೂಂ ಅಂದುಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ.

ಮನೆಗೆ ಬಂದು ಹೇಳಿದಾಗ ತಿಪ್ಪೇರುದ್ರಮ್ಮನ ಮುಖ ಅರಳಿತು. ದುಡ್ಡು ಎಲ್ಲಿಂದ ಎಂದು ಕೇಳಿದಳು. ತಾಯಿ ಕುರಿಗಳಲ್ಲಿ ಅರ್ಧ ಮಾರಬೇಕು ಎಂದ. ಅರಳಿದ ಮುಖ ಹಾಗೇ ಮುದುಡಿತು. ಆ ಕುರಿಗಳೆಲ್ಲ ಅವಳ ಮದುವೆಗೆ ತಾಯಿ ಕೊಟ್ಟ ಒಂದೇ ಕುರಿಯ ಸಂತಾನ. ಟಗರು ಮಾರುವುದು ವ್ಯಾಪಾರ. ತಾಯಿ ಕುರಿ ಮಾರಿದರೆ ಮುಂದಿನ ವರ್ಷ ಹಿಂದೆ ಹೋಗಲು ಹಿಂಡೇ ಇರುವುದಿಲ್ಲ. ಆದರೂ ಅವಳು ಜಗಳ ಆಡಲಿಲ್ಲ, ನೇರ ನಾಗಲಿಂಗಮ್ಮನ ಮನೆಗೆ ನಡೆದಳು.

ನಾಗಲಿಂಗಮ್ಮ ಇವರದೇ ಸ್ವಸಹಾಯ ಸಂಘದವಳು, ಪಂಚಾಯ್ತಿಯ ಕಸದ ಗಾಡಿ ಓಡಿಸುತ್ತಾಳೆ. ಊರಿನ ಕಸವೂ ಗೊತ್ತು, ಗಾಡಿಯ ಕಸವೂ ಗೊತ್ತು, ಎರಡರ ಬಗ್ಗೆಯೂ ಬಾಯಿ ಬಿಗಿಹಿಡಿಯುವವಳಲ್ಲ. ಅವಳು ಬಂದು ಗಾಡಿ ನೋಡೋಣ ಎಂದರೆ ಕರಿಸಿದ್ದಪ್ಪ ಒಪ್ಪಲೊಲ್ಲ. ಬೆರಳು ಹಿಡಿದ ಮೇಲೆ ಮಾತು ತಪ್ಪಿದರೆ ಸಂತೆಯಲ್ಲಿ ತನ್ನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ ಎಂದ.

"ಸಂತ್ಯಾಗ ಬೆರಳು ಹಿಡಿಯೋದು ವಯಸ್ಸು ತಿಳಿಯಾಕ ಕುರಿ ಹಲ್ಲು ನೋಡೋಕಿಂತ ಮೊದ್ಲೇನ್ರಿ ಮಾವ, ನೋಡಿದ ಮ್ಯಾಲೇನ್ರಿ?" ಎಂದಳು ನಾಗಲಿಂಗಮ್ಮ.

"ನೋಡಿದ ಮ್ಯಾಲ."

"ಗಾಡಿದು ಏನು ನೋಡಿದ್ರಿ?"

"ಹಾಸಿಗಿ," ಎಂದ ಕರಿಸಿದ್ದಪ್ಪ.

ಮರುದಿನ ಮೂವರೂ ಹಡಗಲಿಗೆ ಬಸ್ಸು ಹತ್ತಿದರು. ಬರುತ್ತೇವೆಂದು ಫೋನ್ ಮಾಡಿದ್ದರಿಂದ ಗಂಗಾಧರ್ ಗಾಡಿ ತೊಳೆದು ಕಾಯುತ್ತಿದ್ದ. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಗುರ್ರ್ ಎಂದಿತು. ಕರಿಸಿದ್ದಪ್ಪ ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿದ. ನಾಗಲಿಂಗಮ್ಮ ಅವನ ಕೈ ಹಿಡಿದು ಬಾನೆಟ್ಟಿನ ಮೇಲೆ ಇರಿಸಿದಳು. ಆಗಲೇ ಕಾದಿತ್ತು. ಇವರು ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿಟ್ಟಿದ್ದರು. ತಣ್ಣಗಿದ್ದಾಗ ಶುರುವಾಗದ ಇಂಜಿನ್ನಿಗೆ ಮಾಡುವ ಉಪಾಯ ಇದು ಎಂದು ಅವಳು ಹೇಳಿದಳು.

ಕರಿಸಿದ್ದಪ್ಪನಿಗೆ ಫಕ್ಕನೆ ಹೊಳೆಯಿತು. "ಮಾರೋ ದಿನ ದಪ್ಪ ಕಾಣ್ಲಿ ಅಂತ ಕುರಿಗೆ ಉಪ್ಪು ತಿನ್ಸಿ ಹೊಟ್ಟಿ ತುಂಬ ನೀರು ಕುಡಿಸ್ತಾರಲ್ಲ, ಇದೂ ಅದಾ ಏನು?" ಎಂದ. ಆ ವಿದ್ಯೆ ಅವನಿಗೆ ಹೇಗೆ ಗೊತ್ತೆಂದು ನಾವು ಕೇಳುವುದು ಬೇಡ.

ಅಲ್ಲಿಂದ ಮುಂದೆ ಅವನು ಗಿರಾಕಿಯಾಗಿ ಉಳಿಯಲಿಲ್ಲ, ಕುರಿಗಾರನಾದ. ಇಂಜಿನ್ ಆರಲಿ ಎಂದು ಗಟ್ಟಿಯಾಗಿ ಕೂತ. ಚಹಾ ಬಂತು, ಕುಡಿದ, ಏಳಲಿಲ್ಲ. ಗೊರಸು ನೋಡುವ ಹಾಗೆ ಒಂದೊಂದೇ ಟೈರು ತಡವಿದ, ಎರಡು ಬೋಳಾಗಿದ್ದವು. ಗಾಡಿಯ ಕೆಳಗೆ ತೂರಿ ತುಕ್ಕು ಕೆರೆದ. ಆರಿದ ಮೇಲೆ ಶುರು ಮಾಡಿಸಿದರೆ ಗಾಡಿ ಮುದಿ ಟಗರಿನಂತೆ ಕೆಮ್ಮಿ, ನೀಲಿ ಹೊಗೆ ಉಗುಳಿತು. ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದಳು ನಾಗಲಿಂಗಮ್ಮ.

ಆಮೇಲೆ ಅವಳು ಪೈಪು ಕೇಳಿದಳು, ಗಾಡಿಯ ನೆತ್ತಿಗೆ ನೀರು ಬಿಡಬೇಕಂತೆ. ಒಂದು ಹನಿಯೂ ಸೋರುವುದಿಲ್ಲ ಎಂದು ಸಾಧಿಸಲು ಗಂಗಾಧರ್ ತಾನೇ ಒಳಗೆ ಹೋಗಿ ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತ. ಮೊದಲು ಒಂದು ಹನಿ ಅವನ ಮೂಗಿನ ಮೇಲೆ ಬಿತ್ತು. ಬೆವರು ಎಂದು ಒರೆಸಿಕೊಂಡ. ಆಮೇಲೆ ಮೂಲೆಯ ಹಲಗೆ ಬಾಯಿ ಬಿಟ್ಟು ಇಸ್ತ್ರಿ ಅಂಗಿ ತೊಯ್ದು ತೊಪ್ಪೆಯಾಯಿತು. ತಿಪ್ಪೇರುದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದಳು.

ಗಾಡಿಯ ನೋಂದಣಿ ಪತ್ರ ಆರ್.ಸಿ. ತೆಗೆಸಿ ಓದಿದರೆ ಅದರಲ್ಲಿ ಬರೀ ಸರಕಿನ ಟೆಂಪೊ ಎಂದಿತ್ತು, ಒಳಗಿನ ಮನೆಯ ಸುದ್ದಿಯೇ ಇಲ್ಲ. ಗಾಡಿ ಓಡಲು ಯೋಗ್ಯ ಎನ್ನುವ ಎಫ್.ಸಿ. ಪತ್ರದ ಅವಧಿ ಮುಗಿದಿತ್ತು. ಹೀಗೆಯೇ ಕೊಂಡರೆ ದಾರಿಯಲ್ಲಿ ದಂಡ ಕಟ್ಟುವವರೂ ನೀವೇ, ಅಪಘಾತವಾದರೆ ಇನ್ಶೂರೆನ್ಸಿಗೆ ಅಲೆಯುವವರೂ ನೀವೇ ಎಂದು ನಾಗಲಿಂಗಮ್ಮ ಬಿಡಿಸಿ ಹೇಳಿದಳು.

ಗಂಗಾಧರ್ ಮತ್ತೆ ಟವೆಲ್ ತೆಗೆದ. ಅದೂ ಒದ್ದೆಯಾಗಿತ್ತು.

"ಟವೆಲ್ ಬ್ಯಾಡಪ್ಪ," ಎಂದ ಕರಿಸಿದ್ದಪ್ಪ. "ಬಾಯಿಲೆ ಮಾತಾಡು, ಇವ್ರೂ ಕೇಳ್ಲಿ. ಇಂಜಿನ್, ಟೈರು, ಸೂರು, ಇವಕ್ಕ ಆಗೋ ಖರ್ಚು ಕಳದು ಮೂರು ಲಕ್ಷ. ಕಾಗದ ಸರಿ ಮಾಡ್ಸಿ ಕೊಟ್ಟ ಮ್ಯಾಲ ರೊಕ್ಕ."

ಗಂಗಾಧರ್ ಹೀರೋಯಿನ್ನನ್ನು ಮತ್ತೆ ಮಾತಿಗೆ ಕರೆತಂದ. ನಿನ್ನೆಯೇ ಇನ್ನೊಬ್ಬ ಗಿರಾಕಿ ಬಂದಿದ್ದನೆಂದ. ನಾಲ್ಕೂವರೆಗೆ ಇಳಿದ, ನಾಲ್ಕಕ್ಕೆ ಇಳಿದ, ಅಲ್ಲೇ ನಿಂತ. ಆಗ ತಿಪ್ಪೇರುದ್ರಮ್ಮ ಚೀಲ ಎತ್ತಿಕೊಂಡಳು. ಸೂರು ಬೇಕೆಂದು ವರ್ಷವಿಡೀ ಹಂಬಲಿಸಿದವಳು ಅವಳೇ. ಪರದೆಯ ಕಡೆ ಒಮ್ಮೆ ನೋಡಿದಳು, ಆಸೆ ಇನ್ನೂ ಇತ್ತು, ಸಂಕಟವೂ ಆಯಿತು. ಆದರೂ ಗಂಡನಿಗೆ, "ನಡಿ, ಹೋಗಾಣ. ಕುರಿ ಉಳದ್ರ ಸೂರು ಇವತ್ತಲ್ಲ ನಾಳಿ ಆಕೈತಿ," ಎಂದಳು.

ಮೂವರೂ ಹೊರಟೇಬಿಟ್ಟರು. ಬಸ್ ನಿಲ್ದಾಣ ಕಾಣುವ ಹೊತ್ತಿಗೆ ಹಿಂದಿನಿಂದ ಬೈಕಿನ ಸದ್ದು ಬಂತು. ಗಂಗಾಧರ್ ಒದ್ದೆ ಅಂಗಿಯಲ್ಲೇ ಬಂದಿದ್ದ. ಮೂರೂಕಾಲು ಲಕ್ಷಕ್ಕೆ ವ್ಯಾಪಾರ ಮುಗಿಯಿತು. ಆರ್.ಸಿ.ಯಲ್ಲಿ ಮನೆಗಾಡಿ ಎಂದು ಬರೆಸಿ, ಎಫ್.ಸಿ. ಮಾಡಿಸಿ, ಕರಿಸಿದ್ದಪ್ಪನ ಹೆಸರಿಗೆ ವರ್ಗ ಮಾಡಿದ ದಿನವೇ ಹಣ ಕೈಗೆ ಎಂದು ನಾಗಲಿಂಗಮ್ಮ ಬರೆಸಿಕೊಂಡಳು. ಈ ಸಲ ಟಗರುಗಳಷ್ಟೇ ಸಂತೆಗೆ ಹೋದವು, ಉಳಿದದ್ದು ಸಂಘದ ಸಾಲ. ತಾಯಿ ಕುರಿ ಒಂದೂ ಕದಲಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನೀವು ಕೊಳ್ಳುವುದು ಮನೆಗಾಡಿಯೇ ಇರಲಿ, ಹಳೆ ಬೈಕೇ ಇರಲಿ, ಬೆಲೆ ಮಾತಾಡುವುದು ಕೊನೆಗೆ. ಮೊದಲು ತಣ್ಣನೆಯ ಇಂಜಿನ್ ಶುರು ಮಾಡಿಸಿ, ಸೂರಿದ್ದರೆ ನೀರು ಬಿಡಿಸಿ, ಕಾಗದ ಓದಿಸಿ, ಗಾಡಿ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕಂಡ ದೋಷದ ಖರ್ಚನ್ನೆಲ್ಲ ಬೆಲೆಯಲ್ಲಿ ಕಳೆಯಿರಿ. ಹೆಸರು ಬದಲಾಗದೆ ಪೂರ್ತಿ ಹಣ ಕೊಡಬೇಡಿ. ದರ ಹೊಂದದಿದ್ದರೆ ಎದ್ದು ನಡೆಯಿರಿ. ಹಿಂದಿನಿಂದ ಯಾರೂ ಕರೆಯದಿದ್ದರೂ ಚಿಂತೆಯಿಲ್ಲ, ನಿಮ್ಮ ದುಡಿಮೆ ನಿಮ್ಮ ಕೈಯಲ್ಲೇ ಇರುತ್ತದೆ.