ಅಕ್ಕನ ಗದ್ದ ಮತ್ತು ಚಿನ್ನದ ರಾಜರು

ಇಸ್ಪೀಟಿನಲ್ಲಿ ನಮ್ಮಕ್ಕನನ್ನು ಒಂದೇ ಒಂದು ಸಲ ಸೋಲಿಸಬೇಕು ಎನ್ನುವುದು ನನ್ನ ನಲವತ್ತು ವರ್ಷದ ಆಸೆ. ಕೈಯಲ್ಲಿ ಯಾವ ಎಲೆಯೇ ಇರಲಿ, ಅವಳ ಮುಖ ಮಾತ್ರ ಬೀಗ ಹಾಕಿದ ಬಾಗಿಲು. ಗೆದ್ದ ಮೇಲೆ ತೆಗೆಯುತ್ತಾಳೆ ನೋಡಿ ಆ ಬಾಯಿ! "ನಿಂಗೆ ಆ ಅಚ್ಚಿನ ಪ್ರೆಸ್ಸೇ ಸರಿ ಕಣೇ, ಬುದ್ಧಿ ಬೇಡದ ಕೆಲಸ" ಅನ್ನುತ್ತಾಳೆ. ಮೈಯೆಲ್ಲ ಉರಿಯುತ್ತದೆ.

ಬುದ್ಧಿ ಬೇಡವಂತೆ! ಅವಳ ಹುಟ್ಟಿದ ದಿನಕ್ಕೆ ನಾನೇ ಒಂದು ಕಟ್ಟು ಎಲೆಗೆ ಚಿತ್ರ ಬಿಡಿಸಿ, ನಾನೇ ಅಚ್ಚು ಹಾಕಿದೆ. ನಾಲ್ಕು ರಾಜರಿಗೆ ಮಾತ್ರ ಚಿನ್ನದ ಶಾಯಿ. ಬರೀ ಹಳದಿಯಲ್ಲಿ ಹಾಕಿದರೆ ರಾಜ ಕಾಮಾಲೆ ಬಂದವನ ಹಾಗೆ ಕಾಣುತ್ತಾನೆ. ಈ ಶಾಯಿಯಲ್ಲಿ ಲೋಹದ ಪುಡಿ ಇರುತ್ತದಲ್ಲ, ಎಲೆಯನ್ನು ಒಂಚೂರು ವಾಲಿಸಿದರೆ ಸಾಕು, ಕಿರೀಟದಿಂದ ಗಡ್ಡದವರೆಗೆ ಝಗ್ಗನೆ ಎದ್ದು ಕೂರುತ್ತಾನೆ. ಒಂದು ಸಲ ಒತ್ತಿದ್ದರೆ ಸಾಕಿತ್ತು, ಮನಸ್ಸು ತಡೆಯದೆ ಮೂರು ಸಲ ಒತ್ತಿದೆ. ಆಮೇಲೆ ಸಂಜೆಯವರೆಗೂ ವಾಲಿಸಿ ವಾಲಿಸಿ ನೋಡುತ್ತಾ ಒಬ್ಬಳೇ ನಗುತ್ತಿದ್ದೆ. ಲೇಬಲ್ ಕೇಳಲು ಬಂದ ಗಿರಾಕಿ ಮಾತಾಡಿಸದೆ ಹಿಂದಕ್ಕೆ ಹೋದ.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಆ ಹೊಸ ಎಲೆಗಳಲ್ಲೇ ಆಟ. ಕಣ್ಣು ಮಂಜೆಂದು ಅವಳು ಕಿಟಕಿಗೆ ಬೆನ್ನು ಹಾಕಿ ಕೂರುವುದು. ಬಿಸಿಲು ಹೆಗಲ ಮೇಲಿಂದ ನೇರ ಅವಳ ಎಲೆಗಳ ಮೇಲೆ ಬೀಳುತ್ತದೆ. ನಮ್ಮಾಟದಲ್ಲಿ ರಾಜನೇ ಎಲ್ಲಕ್ಕಿಂತ ದೊಡ್ಡ ಎಲೆ. ಅಕ್ಕ ತನ್ನ ಎಲೆಗಳನ್ನು ಎತ್ತಿಕೊಂಡಳು. ಅಯ್ಯೋ! ರಾಜನ ಶಾಯಿಗೆ ಬಿಸಿಲು ತಾಗಿ ಅವಳ ಗದ್ದದ ಮೇಲೆ ಅಂಗಿ ಗುಂಡಿಯಗಲ ಚಿನ್ನದ ಬೆಳಕು! ರಾಜನನ್ನು ಕೆಳಗೆ ಹಾಕಿದಳು, ಬೆಳಕು ಆರಿತು.

ಗದ್ದ ಹೊಳೆದಾಗ ನನ್ನ ದೊಡ್ಡ ಎಲೆಗಳನ್ನು ಕೈಯಲ್ಲೇ ಬಚ್ಚಿಟ್ಟುಕೊಂಡೆ, ಆರಿದಾಗ ಇಳಿಸಿದೆ. ಸಾಲಾಗಿ ಮೂರು ಆಟ ಗೆದ್ದೆ. ಎದ್ದು ಕುಣಿದುಬಿಟ್ಟೆ. ಭಾವ ಅಡುಗೆಮನೆಯಿಂದ ಓಡಿ ಬಂದು, "ಏನಾಯ್ತು, ಮೈಮೇಲೆ ಹಲ್ಲಿ ಬಿತ್ತಾ?" ಎಂದರು.

ಅಕ್ಕ ಬೈಯಲೇ ಇಲ್ಲ. ಎಲೆಗಳನ್ನು ಜೋಡಿಸಿ ನನ್ನ ಕಡೆ ತಳ್ಳಿದಳು. "ನೀನೇ ಇಟ್ಕೋ. ನನ್ನ ತಲೆ ಮೊದಲಿನ ಹಾಗೆ ಓಡ್ತಿಲ್ಲ ಕಣೇ. ಇನ್ಮೇಲೆ ನಾನು ಆಡಲ್ಲ."

ಆಟ ಬಿಟ್ಟ ಅಕ್ಕನನ್ನು ಇಟ್ಟುಕೊಂಡು ಭಾನುವಾರ ನಾನೇನು ಮಾಡಲಿ? ಆದರೆ ಗೆಲುವನ್ನು ಬಿಡಲೂ ಮನಸ್ಸಿಲ್ಲ. ಒಂದು ಲೋಟ ನೀರು ಕುಡಿದೆ. ಇನ್ನೊಂದು ಲೋಟ ಕುಡಿದೆ. ಕೊನೆಗೆ, "ನಿನ್ನ ತಲೆ ಸರಿಯಾಗೇ ಇದೆ ಮಾರಾಯ್ತಿ, ಚಾಡಿ ಹೇಳಿದ್ದು ಗದ್ದ" ಎಂದು ಎಲ್ಲವನ್ನೂ ಒದರಿಬಿಟ್ಟೆ.

ಅಕ್ಕ ಒಬ್ಬ ರಾಜನನ್ನು ಎತ್ತಿ ಗದ್ದದ ಹತ್ತಿರ ಹಿಡಿದು, "ಹೊಳೀತಿದೆಯೇನ್ರೀ?" ಎಂದು ಭಾವನನ್ನು ಕೇಳಿದಳು.

"ಹೊಳೀತಿದೆ. ನಿಂಗೆ ಒಪ್ತದೆ ಕೂಡ" ಎಂದರು ಭಾವ.

"ಕಳ್ಳಿ! ಆ ಮೂರೂ ಆಟ ಲೆಕ್ಕಕ್ಕಿಲ್ಲ!" ಎಂದು ಕಿರುಚಿದವಳೇ ಅಕ್ಕ ಟವೆಲ್ ತಂದು ಕಣ್ಣಿನಿಂದ ಕೆಳಕ್ಕೆ ಮುಖ ಪೂರ್ತಿ ಸುತ್ತಿಕೊಂಡು, ಎಲೆ ಹಂಚಿದಳು. ಐದೇ ನಿಮಿಷದಲ್ಲಿ ನನ್ನನ್ನು ಮಣ್ಣು ಮುಕ್ಕಿಸಿದಳು. ಟವೆಲಿನೊಳಗಿಂದ ಏನೇನೋ ಬೈದಳು, ಒಂದು ಅಕ್ಷರವೂ ಅರ್ಥವಾಗಲಿಲ್ಲ. ಸದ್ಯ, ಬೈದಳಲ್ಲ! ನನ್ನ ಜೀವಕ್ಕೆ ಎಷ್ಟು ಹಾಯೆನಿಸಿತೆಂದರೆ, "ಇನ್ನೊಂದಾಟ ಹಾಕೇ" ಎಂದೆ.