ಏಡಿ ಸಿಪ್ಪೆಯ ಕೆಳಗಿನ ಹಾಳೆ

"ಹದಿನಾಲ್ಕು ತಿಂಗಳು ಏನ್ ಕತ್ತೆ ಕಾಯ್ತಿದ್ಯಾ, ಯೂಲಾಲಿ?"

ವಿಮಾ ಕಂಪನಿಯ ಸರ್ವೇಯರ್ ಟ್ರೆಂಟ್ ಹಾಲೊವೇ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೇಳಿದ. ಏಡಿ ಬಿಡಿಸುವ ಶೆಡ್ಡು. ಗಂಧದ ವಾಸನೆ ಎಲ್ಲಿಂದ ಬರಬೇಕು? ಯೂಲಾಲಿ ಕೈಯಲ್ಲಿದ್ದ ಚೂರಿ ನಿಲ್ಲಿಸಲಿಲ್ಲ. ಇಷ್ಟು ಮಾಂಸ ಬಿಡಿಸಿದರೆ ಇಷ್ಟು ಕೂಲಿ ಎನ್ನುವ ಕಡೆ ನಿಂತು ಮಾತಾಡುವುದು ಸಾಹುಕಾರರ ಚಟ.

"ಕತ್ತೆ ಕಾಯ್ಲಿಲ್ಲ ಸಾರ್, ನಿಮ್ಮನ್ನೇ ಕಾಯ್ತಿದ್ದೆ," ಎಂದಳು.

ಮೇಜಿನ ಸುತ್ತಲಿನ ಹೆಂಗಸರು ತಲೆ ತಗ್ಗಿಸಿ ನಕ್ಕರು. ಹಾಲೊವೇಯ ಕಿವಿ ಕೆಂಪಾಯಿತು. ಅವಳದೇ ಪಾಲಿಸಿಯ ಹದಿನಾಲ್ಕನೇ ಪುಟ ತೆಗೆದು ಅವಳ ಮುಖದ ಹತ್ತಿರ ಹಿಡಿದ.

"ಕಂಪನಿ ಮೇಲೆ ದಾವೆ ಹಾಕೋದಿದ್ರೆ ಒಂದು ವರ್ಷದೊಳಗೆ ಹಾಕ್ಬೇಕು. ಇಲ್ಲಿದೆ ನೋಡು. ಓದೋಕೆ ಬರುತ್ತೆ ತಾನೆ?"

"ಬರುತ್ತೆ ಸಾರ್. ಫೈಲು ಪರಿಶೀಲನೇಲಿದೆ, ಅವಸರ ಪಡಬೇಡ, ಕೋರ್ಟು ಗೀರ್ಟು ಅನ್ಬೇಡ ಅಂತ ತಿಂಗಳು ತಿಂಗಳೂ ಹೇಳಿದ್ದು ನೀವೇ ಅಲ್ವಾ?"

"ಬಾಯಿಮಾತು ಬೇರೆ, ಪಾಲಿಸಿ ಬೇರೆ ಕಣಮ್ಮ. ಈಗ ಯಾವ ಕೋರ್ಟೂ ನಿನ್ನ ಮೂಸಿ ನೋಡಲ್ಲ. ಆದ್ರೂ ಕಂಪನಿ ದೊಡ್ಡ ಮನಸ್ಸು ಮಾಡಿ ಏನೋ ಒಂದಿಷ್ಟು ಕೊಡ್ತಿದೆ. ಇನ್ನೇನೂ ಕೇಳಲ್ಲ ಅಂತ ಸಹಿ ಹಾಕು. ಶುಕ್ರವಾರ ಬರ್ತೀನಿ. ನಿನ್ನ ಪಕ್ಕದ ಮನೆ ಜೆನೋಬಿಯಾ ಮಂಗಳವಾರವೇ ಹಾಕಿದ್ಲು. ಬುದ್ಧಿವಂತೆ."

ಆ ದೊಡ್ಡ ಮನಸ್ಸು ಎಷ್ಟು ದೊಡ್ಡದೆಂದರೆ, ಅದರಲ್ಲಿ ಅರ್ಧ ಚಾವಣಿಗೆ ತಗಡು ಬರುತ್ತಿತ್ತು. ಉಳಿದರ್ಧಕ್ಕೆ ಆಕಾಶ ಹೇಗೂ ಪುಕ್ಕಟೆ.

ಯೂಲಾಲಿಯ ಅಪ್ಪ ಮತ್ತು ಚಿಕ್ಕಪ್ಪ ಆಲ್ಸೀಡ್ ಇಬ್ಬರೂ ಸೇರಿ ಹಲಗೆ ಹಲಗೆ ಜೋಡಿಸಿ ಕಟ್ಟಿದ ಮನೆ ಅದು. ಹದಿನಾಲ್ಕು ತಿಂಗಳ ಹಿಂದೆ ಚಂಡಮಾರುತ ಅದರ ಚಾವಣಿಯನ್ನು ಎತ್ತಿ ಕಾಲುವೆಗೆ ಎಸೆದಿತ್ತು. ಅಂದಿನಿಂದ ಮನೆಯ ಮೇಲೆ ನೀಲಿ ಟಾರ್ಪಾಲು, ಅಂಗಳದ ತಗಡಿನ ಡಬ್ಬಿಯಂಥ ಗಾಡಿಮನೆಯಲ್ಲಿ ಯೂಲಾಲಿ. ವರ್ಷದ ಕೊನೆಯೊಳಗೆ ಚಾವಣಿ ಹಾಕದಿದ್ದರೆ ಮನೆ ಕೆಡವುತ್ತೇವೆಂದು ಪುರಸಭೆಯವರು ಬಾಗಿಲಿಗೆ ಕೆಂಪು ಚೀಟಿ ಬೇರೆ ಅಂಟಿಸಿದ್ದರು. ಬಿರುಗಾಳಿ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸುವ ಉತ್ಸಾಹ ಅವರಿಗೆ.

ಅವಳ ಮನೆಯ ರಸ್ತೆ ಕಡೆಯ ಗೋಡೆಯ ಮೇಲೆ ಕಂಪನಿಯ ಹೆಸರು, ಪಾಲಿಸಿ ನಂಬರು ಮೊಳದುದ್ದ ಕೆಂಪು ಅಕ್ಷರದಲ್ಲಿದ್ದವು. ಓಣಿಯ ಆರೂ ಮನೆಗೆ ಅದೇ ಸಿಂಗಾರ. ಗಾಳಿಗೆ ಬೀದಿಯ ಹೆಸರಿನ ಕಂಬಗಳೆಲ್ಲ ಹಾರಿಹೋದಾಗ ಸರ್ವೇಯರ್‌ಗಳು ದಾರಿ ತಪ್ಪದಿರಲಿ ಎಂದು ಈ ಲೂಸಿಯಾನಾ ಕರಾವಳಿಯವರು ಮಾಡುವ ಉಪಚಾರ ಅದು. ಹಾಲೊವೇ ಆ ಗೋಡೆಯ ಫೋಟೋ ಇಪ್ಪತ್ತು ಸಲವಾದರೂ ತೆಗೆದಿದ್ದ. ಬಹುಶಃ ಅವನಿಗೆ ಆ ಬಣ್ಣ ಇಷ್ಟ.

ಭಾನುವಾರ ಮಧ್ಯಾಹ್ನ ಓಣಿಯವರೆಲ್ಲ ಆಲ್ಸೀಡನ ಅಂಗಳದಲ್ಲಿ ಸೇರಿದರು. ಖಾರ ಹಾಕಿ ಬೇಯಿಸಿದ ಏಡಿ, ಜೋಳದ ತೆನೆ, ಆಲೂಗೆಡ್ಡೆ ಎಲ್ಲವನ್ನೂ ಹಂಡೆಯಿಂದ ನೇರ ಮೇಜಿನ ಮೇಲೆ ಸುರಿದು ತಿನ್ನುವ ಊಟ. ಕೆಳಗೆ ಹಾಸಲು ಕಾಗದ ಬೇಕು.

"ಪೇಪರ್ ಇಲ್ವಾ ಚಿಕ್ಕಪ್ಪ?"

"ಪೇಪರ್ ನಿಲ್ಸಿ ಯಾವ ಕಾಲ ಆಯ್ತು. ಆ ಬಿಯರ್ ಪೆಟ್ಟಿಗೇಲಿ ಕಂಪನಿಯೋರ್ ಕಳ್ಸಿರೋ ಲಕೋಟೆ ಅವೆ, ಹರ್ಕೊಂಡು ಹಾಸು. ನಾನ್ ಒಂದೂ ಒಡ್ದಿಲ್ಲ."

ಓಣಿಯ ಪದ್ಧತಿಯೇ ಅದು. ಮೊದಲ ಸಲ ಬಂದ ಪಾಲಿಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರೂ ಬೆಂಕಿಯೂ ತಾಕದಿರಲೆಂದು ಫ್ರೀಜರಿನಲ್ಲಿ ಮೀನಿನ ಪಕ್ಕ ಭದ್ರವಾಗಿ ಇಡುವುದು. ಆಮೇಲೆ ವರ್ಷ ವರ್ಷ ಬರುವ ಬಿಡಿ ಹಾಳೆಗಳನ್ನು ಏಡಿಯ ಕೆಳಗೆ ಹಾಸುವುದು. ದಪ್ಪ ಕಾಗದ, ಏಡಿಯ ನೀರು ಹೀರಲಿಕ್ಕೆ ಹೇಳಿ ಮಾಡಿಸಿದಂಥದು. ಕಂಪನಿಯಿಂದ ಓಣಿಗೆ ಆದ ಉಪಕಾರ ಅದೊಂದೇ ಎಂದು ಎಲ್ಲರೂ ನಂಬಿದ್ದರು.

ಯೂಲಾಲಿ ನಾಲ್ಕನೇ ಏಡಿ ಮುರಿದು ಸಿಪ್ಪೆ ಸರಿಸಿದಾಗ ಕೆಳಗಿನ ಅಕ್ಷರ ಕಣ್ಣಿಗೆ ಬಿತ್ತು. 'ಲೂಸಿಯಾನಾ ರಾಜ್ಯಕ್ಕೆ ವಿಶೇಷ ನಿಬಂಧನೆಗಳು. ಈ ಹಾಳೆ ನಿಮ್ಮ ಪಾಲಿಸಿಯನ್ನು ಬದಲಿಸುತ್ತದೆ. ದಯವಿಟ್ಟು ಗಮನವಿಟ್ಟು ಓದಿ.'

ದಯವಿಟ್ಟು ಎಂದಿದ್ದಾರಲ್ಲ ಪಾಪ ಎಂದು ಓದಿದಳು. ಆಲೂಗೆಡ್ಡೆಯೊಂದನ್ನು ಪಕ್ಕಕ್ಕೆ ತಳ್ಳಿದಳು. ಮತ್ತೆ ಓದಿದಳು.

"ಯಾರೂ ಮುಟ್ಬೇಡಿ! ಚಿಕ್ಕಪ್ಪ, ಕೇಳು. 'ದಾವೆ ಹೂಡುವ ಅವಧಿ. ಪಾಲಿಸಿಯಲ್ಲಿ ಒಂದು ವರ್ಷ ಎಂದಿರುವ ಕಡೆ ಎರಡು ವರ್ಷ ಎಂದು ಓದಿಕೊಳ್ಳತಕ್ಕದ್ದು.' ಎರಡು ವರ್ಷ!"

"ಅದು ನನ್ ಹಾಳೆ ಅಲ್ವೇನೇ? ನಿಂಗೂ ಆಯ್ತದಾ?"

"ಎಲ್ರುದೂ ಒಂದೇ ಕಂಪನಿ, ಒಂದೇ ರಾಜ್ಯ. ಎಲ್ರಿಗೂ ಇದೇ ಹಾಳೆ. ಸರ್ಕಾರದ ಕಾನೂನು ಮಾಡಿಸಿರೋ ತಿದ್ದುಪಡಿ ಅಂತ ಇಲ್ಲೇ ಬರ್ದಿದೆ. ಇನ್ನೂ ಹತ್ತು ತಿಂಗಳು ಟೈಮ್ ಇದೆ ನಮ್ಗೆ!"

"ಥೂ, ಆ ಬೋಳಿಮಗನ!" ಎಂದು ಆಲ್ಸೀಡ್ ಮೇಜು ಗುದ್ದಿದ. "ಇಷ್ಟು ವರ್ಷ ಕಾನೂನಿನ್ ಮೇಲೆ ಸಿಪ್ಪೆ ಉಗೀತಾ ಕೂತಿದ್ವಲ್ಲೇ ನಾವು!"

ಎಲ್ಲರೂ ನಕ್ಕರು, ಕೂಗಿದರು. ಜೆನೋಬಿಯಾ ಮಾತ್ರ ಕಚ್ಚಿದ ಜೋಳದ ತೆನೆಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು.

"ನಾನು ಮಂಗಳವಾರ ಸಹಿ ಹಾಕ್ಬಿಟ್ಟೆ," ಎಂದಳು. "ಟೈಮ್ ಮುಗ್ದೋಯ್ತು ಅಂದ ಅವ್ನು. ಅದ್ಕೇ ಹಾಕ್ದೆ."

ನಗು ನಿಂತಿತು. ಇನ್ನೇನೂ ಕೇಳುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ಒಂದು ವರ್ಷವಾದರೇನು, ಎರಡಾದರೇನು. ಯೂಲಾಲಿ ಒದ್ದೆ ಹಾಳೆಯನ್ನು ಎತ್ತಿ ಬಿಸಿಲಿಗೆ ಹಿಡಿದಳು.

ಶುಕ್ರವಾರ ಹಾಲೊವೇಯ ಕಾರು ಓಣಿಗೆ ಬಂತು. ಐದು ಮನೆಗಳ ರಸ್ತೆ ಕಡೆಯ ಗೋಡೆಯ ಮೇಲೆ, ಪಾಲಿಸಿ ನಂಬರಿನ ಕೆಳಗೆ, ಹಾಳೆಯ ಸಾಲುಗಳು ಅಕ್ಷರ ಬಿಡದೆ ಇಳಿದಿದ್ದವು. ಆಲ್ಸೀಡನ ಗೋಡೆಯಲ್ಲಿ ಜಾಗ ಸಾಲದೆ ಕಡೆಯ ಪದ ಬಾಗಿಲ ಮೇಲೆ ಬಂದಿತ್ತು.

ಹಾಲೊವೇ ಇಳಿದು ನೋಡಿದ. "ಏನಿದು ಅವಾಂತರ? ಕಂಪನಿ ಹೆಸರಿನ ಕೆಳಗೆ ಹೀಗೆಲ್ಲ ಬರೆಯೋ ಹಾಗಿಲ್ಲ. ಅಳಿಸಿ."

"ಕಂಪನಿ ಹೆಸ್ರು ಬರೆದಿದ್ದೂ ನಾವೇ. ಆಗ ನೀವು ಬೇಡ ಅನ್ಲಿಲ್ವಲ್ಲ ಸಾರ್," ಎಂದಳು ಯೂಲಾಲಿ. "ಈ ಹಾಳೆ ನಿಮ್ಗೆ ಗೊತ್ತಿತ್ತಾ?"

"ನೋಡಮ್ಮ, ನಾನು ಈ ರಾಜ್ಯದವನಲ್ಲ. ಓಹಾಯೋದಿಂದ ಬಂದಿದೀನಿ. ಒಂದೊಂದು ರಾಜ್ಯಕ್ಕೆ ಒಂದೊಂದು ಹಾಳೆ, ಎಲ್ಲಾನೂ ತಲೇಲಿ ಇಟ್ಕೊಳ್ಳೋಕಾಗುತ್ತಾ?"

"ಒಂದು ವರ್ಷ ಅನ್ನೋದು ಮಾತ್ರ ತಲೇಲಿ ಚೆನ್ನಾಗಿ ಕೂತಿತ್ತು, ಅಲ್ವಾ?"

ಅವನು ಕಾರಿನ ಕಡೆ ತಿರುಗಿದ. ಶೆಡ್ಡಿನ ಹೆಂಗಸರು ಆಗಲೇ ಕಾರಿನ ಹಿಂದೆ ಬಕೆಟ್ಟು ಬೋರಲು ಹಾಕಿಕೊಂಡು ರಸ್ತೆ ತುಂಬ ಕೂತಿದ್ದರು. ಬುಟ್ಟಿ ಮಧ್ಯದಲ್ಲಿಟ್ಟು ತಮ್ಮಷ್ಟಕ್ಕೆ ಏಡಿ ಬಿಡಿಸುತ್ತಿದ್ದರು. ಯಾರೂ ಅವನನ್ನು ನೋಡುತ್ತಲೂ ಇರಲಿಲ್ಲ.

"ದಾರಿ ಬಿಡೋಕೆ ಹೇಳು."

"ಬಿಡ್ತಾರೆ. ಮೊದ್ಲು ಅದನ್ನ ಓದು," ಎಂದಳು ಯೂಲಾಲಿ. ಹದಿನಾಲ್ಕು ತಿಂಗಳ 'ಸಾರ್' ಅವಳ ಬಾಯಿಂದ ಬಿದ್ದುಹೋಗಿತ್ತು. "ಜೋರಾಗಿ ಓದೋ. ಓದೋಕೆ ಬರುತ್ತೆ ತಾನೆ?"

ಅವನು ಫೋನು ತೆಗೆದ, ನೋಡಿದ, ಜೇಬಿಗೆ ಹಾಕಿಕೊಂಡ. ಬಿಸಿಲು ಚುರುಗುಟ್ಟುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು ಓದಿದ. ಒಂದು ವರ್ಷ ಎಂದಿರುವ ಕಡೆ ಎರಡು ವರ್ಷ ಎಂದು ಓದಿಕೊಳ್ಳತಕ್ಕದ್ದು.

ಹೆಂಗಸರು ಎದ್ದು ಬಕೆಟ್ಟು ಎತ್ತಿಕೊಂಡರು. ಅವರ ನಡುವೆ ಕೂತಿದ್ದ ಜೆನೋಬಿಯಾ ಏಳಲಿಲ್ಲ. ಅವಳ ಹಿಂದೆ ಅವಳ ಮನೆಯ ಗೋಡೆಯಲ್ಲಿ ಬರೀ ನಂಬರಿತ್ತು.

"ಇನ್ನೊಂದ್ ಸಲ ಓದು," ಎಂದಳು. "ಮಂಗಳವಾರ ಅಂದ್ಕೊಂಡು ಓದು. ನಾನಿನ್ನೂ ಸಹಿ ಹಾಕಿಲ್ಲ ಅಂದ್ಕೊಂಡು ಓದು."