ಕಟ್ಟಿಹಾಕಿದ ಗಾಳಿಚೀಲ

ಉದ್ದನಪಲ್ಲಿಯಿಂದ ಮೂರು ಮೈಲಿ ಆಚೆ, ನಮ್ಮೂರ ಹೊಲಗಳ ನಡುವೆ, ಯುದ್ಧಕಾಲದ ಒಂದು ಹಳೆಯ ವಿಮಾನಪಟ್ಟಿ ಇತ್ತು. ಅದರ ಮೇಲೆ ವಿಮಾನ ಇಳಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ನಮ್ಮವರು ಅದರ ಅಂಚಿನಲ್ಲಿ ರಾಗಿ ಕಣ ಮಾಡುತ್ತಿದ್ದರು. ನನಗೊಬ್ಬನಿಗೆ ಮಾತ್ರ ಅದು ವಿಮಾನ ನಿಲ್ದಾಣ.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಭಾನುವಾರ ಬಂತೆಂದರೆ ಬಸ್ಸು ಹತ್ತಿ, ಜೂಜುವಾಡಿ ದಾಟಿ ಬೆಂಗಳೂರಿಗೆ ಹೋಗಿ, ನಿಲ್ದಾಣದ ತಂತಿಬೇಲಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಡಕೋಟಾ ವಿಮಾನ ಬಾಲ ಊರಿ, ಮೂತಿ ಎತ್ತಿ ನಿಂತಿರುವುದನ್ನು ನೋಡಿದರೆ ಊಟ ಬೇಡವಾಗುತ್ತಿತ್ತು. ಹಾರಲು ಕಲಿಯುವವರ ಪುಟ್ಟ ವಿಮಾನ ಪುಷ್ಪಕವನ್ನಂತೂ ಸದ್ದಿನಿಂದಲೇ ಗುರುತಿಸುತ್ತಿದ್ದೆ. ಹನ್ನೊಂದು ವರ್ಷ ನೋಡಿದೆ, ಒಂದನ್ನೂ ಮುಟ್ಟಿರಲಿಲ್ಲ. ಊರಲ್ಲಿ ಮುನಿಕೃಷ್ಣಪ್ಪ ಎಂಬ ಹೆಸರು ಹೋಗಿ ನಾನು ‘ಇಮಾನ’ ಆಗಿದ್ದೆ. ಕಿಟ್ಟ ಎಂದು ಕರೆಯುತ್ತಿದ್ದವಳು ಸೋದರತ್ತೆ ಒಬ್ಬಳೇ. ಆಡಿಕೊಳ್ಳುವವರಿಗೆ ನಾನು ಸೊಪ್ಪು ಹಾಕುತ್ತಿರಲಿಲ್ಲ.

ವಿಮಾನಪಟ್ಟಿ ಎಂದಮೇಲೆ ಗಾಳಿಚೀಲ ಇರಬೇಕು. ಅದರ ಬಾಲ ಯಾವ ಕಡೆ ಚಾಚಿದೆಯೆಂದು ನೋಡಿ ಪೈಲಟ್ ಗಾಳಿಗೆ ಎದುರಾಗಿ ಇಳಿಯುತ್ತಾನೆ. ಎಂಬತ್ತೆರಡರ ಆಷಾಢದಲ್ಲಿ ಸೋದರತ್ತೆಯ ಹಳೆಯ ಕೆಂಪು ಸೀರೆ ಹೊಲಿದು ಬಿದಿರಿನ ಗಳದ ತುದಿಗೆ ಕಟ್ಟಿದೆ. ಗಾಳಿ ನಿಂತಾಗ ಅದು ಒದ್ದೆ ಚಡ್ಡಿಯ ಹಾಗೆ ಜೋತುಬೀಳುತ್ತಿತ್ತು, ಹಾದುಹೋಗುವವರು ನಗುತ್ತಿದ್ದರು. ನನಗೆ ರೇಗಿತು. ಒಳಗೆ ಬಿದಿರ ದಬ್ಬೆ ಕೊಟ್ಟು, ಬಾಲವನ್ನು ಇನ್ನೊಂದು ಗಳಕ್ಕೆ ತಂತಿಯಿಂದ ಬಿಗಿದೆ. ಆಗ ಪಡುವಲ ಗಾಳಿಯ ಕಾಲ. ಚೀಲ ಮೂಡಲಿಗೆ ಬಾಲ ಚಾಚಿ ಸೆಟೆದು ನಿಂತಿತು. ಆಮೇಲೆ ನಾನು ಅದನ್ನು ಬಿಚ್ಚಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಕಣದಲ್ಲಿದ್ದೆ. ಸೋದರತ್ತೆ ದೊಡ್ಡಮುನಿಯಮ್ಮ ತೂರುವುದಕ್ಕೆ ಸುತ್ತ ಹತ್ತೂರಿಗೆ ಹೆಸರಾದವಳು. ತೂರಿ ಮುಗಿಸಿ, ರಾಶಿಯ ಸುತ್ತ ಬೂದಿಯ ಗೆರೆ ಎಳೆದಿದ್ದಳು. ಗೆರೆ ಎಳೆದಮೇಲೆ ಅಳತೆ ಮುಗಿಯುವವರೆಗೆ ಕಣದಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಅವಳ ಸೊಸೆ ಭದ್ರಮ್ಮ, ಇನ್ನಿಬ್ಬರು ಹೆಂಗಸರು, ಎಲ್ಲರೂ ತುಟಿ ಬಿಗಿದು ಕೂತಿದ್ದರು.

ಆಗ ಸದ್ದು ಕೇಳಿಸಿತು. ಪುಷ್ಪಕವೇ. ಆದರೆ ಎಂಜಿನ್ ನಡುನಡುವೆ ಉಸಿರು ಕಟ್ಟಿದಂತೆ ನಿಂತು ಮತ್ತೆ ಹಿಡಿಯುತ್ತಿತ್ತು. ಪೈಲಟ್ ದಾರಿ ತಪ್ಪಿ ಪೆಟ್ರೋಲು ಮುಗಿಸಿಕೊಂಡಿದ್ದಾನೆಂದು ನನಗೆ ತಿಳಿಯಿತು. ವಿಮಾನ ತಗ್ಗಿ ಬಂದು ನನ್ನ ಗಾಳಿಚೀಲದ ಮೇಲೆ ಒಂದು ಸುತ್ತು ಹಾಕಿ ಮೂಡಲಿಗೆ ಹೋಯಿತು. ಹೇಳಲು ನಾಚಿಕೆಯಾಗುತ್ತದೆ, ಒಬ್ಬನ ಪ್ರಾಣ ಮೇಲೆ ತೂಗಾಡುತ್ತಿದ್ದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅವನು ಮೂಡಲಿಂದ ಇಳಿಯತೊಡಗಿದ. ರಭಸ ಜಾಸ್ತಿ ಇತ್ತು. ಪಟ್ಟಿಯ ಅರ್ಧ ಕಳೆದರೂ ಚಕ್ರ ನೆಲ ಮುಟ್ಟಲಿಲ್ಲ. ಪಡುವಲ ತುದಿಯಲ್ಲಿ ಕಲ್ಲು ಕ್ವಾರಿಯ ನಲವತ್ತಡಿ ಗುಂಡಿ ಇತ್ತು. ಅದನ್ನು ಕಂಡವನೇ ಎಂಜಿನ್ ಏರಿಸಿ, ಗುಂಡಿಯ ಅಂಚಿನ ಜಾಲಿಮರ ಸವರಿಕೊಂಡು ಮೇಲೆದ್ದ.

ಅತ್ತೆ ಎದ್ದು ನಿಂತಳು. ಗೆರೆ ಎಳೆದಮೇಲೆ ಅವಳು ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

“ಕಿಟ್ಟಾ, ಗಾಳಿ ಮೂಡ್ಲಿಂದ ಬೀಸ್ತಾ ಐತೆ ಕಣ್ಲಾ. ಅವ್ನು ಬೆನ್ನಿಗೆ ಗಾಳಿ ಹಾಕ್ಕೊಂಡು ಯಾಕ್ಲಾ ಇಳೀತಾವ್ನೆ?”

ನಾನು ಗಾಳಿಚೀಲ ನೋಡಿದೆ. ಅವಳ ಸೆರಗು ಪಡುವಲಿಗೆ ಹಾರುತ್ತಿತ್ತು, ನನ್ನ ಚೀಲದ ಬಾಲ ಮೂಡಲಿಗೆ ಸೆಟೆದಿತ್ತು. ಅವನನ್ನು ಆ ಗುಂಡಿಗೆ ಕರೆಯುತ್ತಿದ್ದವನು ನಾನೇ.

ವಿಮಾನ ಮತ್ತೆ ಮೂಡಲ ಕಡೆಗೇ ಹೊರಟಿತ್ತು. ಚೀಲದ ಗಳ ಮುನ್ನೂರು ಗಜ ದೂರ. ಓಡಿಹೋಗಿ ತಂತಿ ಕೀಳುವಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು.

“ಅತ್ತೆ, ಹೊಟ್ಟು ತೂರಿ. ಅವ್ನಿಗೆ ಗಾಳಿ ಕಾಣ್ಬೇಕು,” ಎಂದೆ.

ಯಾಕೆ ಏನು ಎಂದು ಅವಳು ಕೇಳಲಿಲ್ಲ. ಮೊರ ತುಂಬ ಹೊಟ್ಟು ಮೊಗೆದು, ತೂರುವ ಮುಕ್ಕಾಲಿ ಹತ್ತಿ ತಲೆಯ ಮೇಲೆತ್ತಿ ಸುರಿದಳು. ಭದ್ರಮ್ಮ ಕೆಳಗಿನಿಂದ ಮೊರ ತುಂಬಿ ತುಂಬಿ ಕೊಟ್ಟಳು. ಮಿಕ್ಕವರು ಬೊಗಸೆಯಲ್ಲೇ ಎರಚಿದರು. ಹೊಟ್ಟು ಕಂದು ಹೊಗೆಯಾಗಿ ಎದ್ದು ಪಡುವಲಿಗೆ ಉದ್ದಕ್ಕೆ ಹರಿಯಿತು. ಆ ಕಡೆಯಿಂದ ಬಾ ಎಂದು ನಾನು ಎರಡೂ ಕೈ ಬೀಸುತ್ತ ಪಟ್ಟಿಯ ಮಧ್ಯದಲ್ಲಿ ಪಡುವಲ ತುದಿಯ ಕಡೆಗೆ ಓಡಿದೆ.

ವಿಮಾನ ನಮ್ಮನ್ನು ದಾಟಿ ಹೋಯಿತು. ಎಂಜಿನ್ ಮತ್ತೆ ತಡವರಿಸಿತು. ಅವನಿಗೆ ಕಾಣಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಒಂದು ರೆಕ್ಕೆ ವಾಲಿತು. ಅವನು ತಿರುಗಿ, ಪಟ್ಟಿಯ ಪಕ್ಕದಲ್ಲೇ ಹಿಂದಕ್ಕೆ ಬಂದು, ಪಡುವಲಿಗೆ ಹೋದ. ಅಲ್ಲಿ ಮೂತಿ ತಿರುಗಿಸುವ ಹೊತ್ತಿಗೆ ಸದ್ದು ನಿಂತುಹೋಯಿತು. ಮೂತಿಯ ಪಂಖ ಅಡ್ಡಕ್ಕೆ ನಿಂತದ್ದು ನನಗೆ ಕಾಣಿಸಿತು. ಗುಂಡಿಯ ಮೇಲೆ ಅದು ಸದ್ದಿಲ್ಲದೆ ತೇಲಿ ಬರುತ್ತಿತ್ತು, ಕೆಳಕ್ಕೆ, ಇನ್ನೂ ಕೆಳಕ್ಕೆ. ನಾನು ಕಣ್ಣು ಮುಚ್ಚಿದೆ. ಟಪ್ ಎಂದು ಚಕ್ರ ನೆಲಕ್ಕೆ ಬಿದ್ದ ಸದ್ದು. ಅಂಚಿನಿಂದ ಈಚೆಗೆ ಹತ್ತೇ ಅಡಿ. ಎದುರುಗಾಳಿಯಲ್ಲಿ ಉರುಳುತ್ತ ಬಂದು ಕಣದ ಹತ್ತಿರ ನಿಂತಿತು.

ಇಳಿದವನು ಇಪ್ಪತ್ತೆರಡರ ಹುಡುಗ, ಬೆಂಗಳೂರಿನಲ್ಲಿ ಹಾರಲು ಕಲಿಯುತ್ತಿದ್ದನಂತೆ. ಕೊಟ್ಟ ಚೊಂಬಿನ ನೀರನ್ನು ಒಂದೇ ಗುಟುಕಿಗೆ ಮುಗಿಸಿದ. ನಾನು ವಿಮಾನದ ಮೈಮೇಲಿನ ನೋಂದಣಿ ಅಕ್ಷರಗಳ ಅರ್ಥ, ಎಂಜಿನ್ನಿನ ಜಾತಿ ಎಲ್ಲ ಹೇಳಿದಾಗ ಅವನ ಮುಖ ಅರಳಿತು.

“ನಿಮಗೆ ಇಷ್ಟೆಲ್ಲ ಗೊತ್ತಾ? ಬನ್ನಿ, ಒಳಗೆ ಕೂತ್ಕೊಳ್ಳಿ,” ಎಂದು ಬಾಗಿಲು ತೆರೆದ. ಕೂರುವ ಜಾಗ ನನಗೆ ಎರಡು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಅವನು ಗಾಳಿಚೀಲದ ಕಡೆ ತಿರುಗಿದ. “ಅದನ್ನ ನಂಬಿ ಸಾಯ್ತಿದ್ದೆ. ಯಾರು ಕಟ್ಟಿದ್ದು ಅದು?”

ಹೆಂಗಸರೆಲ್ಲ ನನ್ನನ್ನು ನೋಡಿದರು. ಅತ್ತೆ ರಾಶಿಯ ಮುಂದೆ ನಿಂತು, ಜೀವಮಾನದಲ್ಲಿ ಅಲ್ಲಿ ಸುಳ್ಳಾಡದವಳು, “ಮಿಲ್ಟ್ರಿಯೋರು ಬುಟ್ಟೋಗಿರೋದು ಕಣಪ್ಪ, ನಾವ್ ಕಾಣೆವು,” ಎಂದಳು.

ಸುಮ್ಮನಿದ್ದರೆ ಸಾಕಿತ್ತು. ಅತ್ತೆಯ ತಲೆ ತುಂಬ ಹೊಟ್ಟು ಮೆತ್ತಿತ್ತು.

“ಸುಳ್ಳು. ನಾನೇ ಕಟ್ಟಿದ್ದು,” ಎಂದೆ. “ನೋಡೋಕೆ ಚೆನ್ನಾಗಿರ್ಲಿ ಅಂತ.”

ಅವನು ಬಯ್ಯಲಿಲ್ಲ. ವಿಮಾನದ ಬಾಗಿಲು ಮುಚ್ಚಿದ.

ನಾನು ಹೋಗಿ ಗಳ ಹತ್ತಿ ಇಕ್ಕಳದಿಂದ ತಂತಿ ಕತ್ತರಿಸಿದೆ. ಚೀಲ ಒಮ್ಮೆ ಜೋತುಬಿದ್ದು, ಗಾಳಿ ತುಂಬಿಕೊಂಡು, ನಿಧಾನಕ್ಕೆ ಪಡುವಲಿಗೆ ತಿರುಗಿತು. ಮರುದಿನ ಅವರ ಕಡೆಯವರು ಜೀಪಿನಲ್ಲಿ ಪೆಟ್ರೋಲು ತಂದು ವಿಮಾನ ಹಾರಿಸಿಕೊಂಡು ಹೋದರು. ಹಿಂದಿನ ರಾತ್ರಿಯೆಲ್ಲ ಅದು ನಮ್ಮ ಕಣದ ಪಕ್ಕದಲ್ಲೇ ನಿಂತಿತ್ತು, ಕಾವಲಿಗೆ ಇದ್ದವನು ನಾನೇ. ನಾನು ಅದನ್ನು ಮುಟ್ಟಲಿಲ್ಲ.